ಬಿಟ್ಟದ್ದು ನೀರು, ಹಕ್ಕಲ್ಲ

ಎಂಬತ್ತರ ದಶಕದ ಮೊದಲ ವರ್ಷಗಳು. ಸೋಮನಾಥಪುರದ ಕಡೆ ನಮ್ಮ ಎರಡೆಕರೆ ಗದ್ದೆ ನಾಲೆಯ ಮೊದಲ ತೂಬಿಗೇ ಅಂಟಿಕೊಂಡಿತ್ತು. ನೀರಿಗೆ ನಾವು ಎಂದೂ ಕಾದವರಲ್ಲ. ಕಾಯುತ್ತಿದ್ದವರು ನಾಲೆಯ ಕೊನೆಗದ್ದೆಯವರು. ಅವರಲ್ಲಿ ನನ್ನ ತಂಗಿಯೂ ಒಬ್ಬಳು. ಪ್ರತಿ ಬೇಸಿಗೆ ಅವಳ ಪೈರು ಬಾಡುತ್ತಿತ್ತು.

ಸರ್ಕಾರ ಹೊಸ ಕಾನೂನು ತಂದಿದೆಯೆಂದು ಆ ವರ್ಷ ಊರ ಚಾವಡಿಯಲ್ಲಿ ಓದಿ ಹೇಳಿದರು. ನೀರಿನ ಹಕ್ಕಿರುವವರು ಸ್ವಇಚ್ಛೆಯಿಂದ ಒಂದು ಬೆಳೆಯ ನೀರು ಉಳಿಸಿದರೆ ಅದು ಕೊನೆಗದ್ದೆಗಳಿಗೆ ಹೋಗುತ್ತದೆ, ಹಕ್ಕು ಮಾತ್ರ ಹೋಗುವುದಿಲ್ಲ. ಊರವರು ನಂಬಲಿಲ್ಲ. ಒಂದು ಸಲ ನೀರು ಬೇಡವೆಂದರೆ ಪಹಣಿಯಲ್ಲಿ ನೀರಾವರಿಯ ತರಿ ಜಮೀನು ಖುಷ್ಕಿಯಾಗುತ್ತದೆ, ಆಮೇಲೆ ನಾಲೆಯ ಪಕ್ಕದಲ್ಲೇ ಕೂತು ಮಳೆ ಕಾಯಬೇಕು ಎಂದರು. ನನ್ನ ಗಂಡನೂ ಅದನ್ನೇ ಅಂದರು. ನಾನು ಹಠ ಹಿಡಿದೆ. ಭತ್ತ ಬಿಟ್ಟು ಹೆಸರುಕಾಳು ಬಿತ್ತಿಸಿದೆ, ತೂಬು ಮುಚ್ಚಿಸಿದೆ. ತಂಗಿಯ ಗದ್ದೆಗೆ ನೀರು ಹರಿಯಿತು.

ಒಂದು ತಿಂಗಳ ಮೇಲೆ ಗ್ರಾಮಲೆಕ್ಕಿಗರು ಪಹಣಿ ಹಿಡಿದು ಬಂದರು. ಏಳನೇ ಕ್ಲಾಸು ಓದಿದವಳು ನಾನು, ಇಸಿದುಕೊಂಡು ನೋಡಿದೆ. 'ನೀರಿನ ಹಕ್ಕು ಬಿಟ್ಟಿರುತ್ತಾರೆ' ಎಂದು ಬರೆದಿತ್ತು. ಮೈಯೆಲ್ಲ ಉರಿದುಹೋಯಿತು.

"ನೀರ್ ಉಳಿಸ್ತೀನಿ ಅಂದೆ ಕಣ್ ಸಾ. ಅಕ್ಕು ಬುಡ್ತೀನಿ ಅಂತ ಯಾವತ್ತಂದೆ?"

ಎರಡೂ ಒಂದೇ ಅಲ್ಲವೇನಮ್ಮ, ಮುಂದಿನ ವರ್ಷ ತಿದ್ದಿದರಾಯಿತು ಎಂದರು ಅವರು. ಗಂಡ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು. ಸರ್ಕಾರದವರ ಮುಂದಿನ ವರ್ಷ ಎಷ್ಟು ಉದ್ದವೆಂದು ನನಗೆ ಗೊತ್ತಿಲ್ಲವೇ? ನೆಟ್ಟಗೆ ನಾಲೆಗೆ ಹೋಗಿ ತೂಬು ಎತ್ತಿದೆ. ಹೂವಾಗಿದ್ದ ಹೆಸರುಗಿಡಗಳ ಬುಡಕ್ಕೆ ನೀರು ನುಗ್ಗಿತು. ಅವು ಕೊಳೆಯುತ್ತವೆಂದು ಗೊತ್ತಿತ್ತು. ತಂಗಿಯ ಗದ್ದೆಗೆ ನೀರು ನಿಲ್ಲುತ್ತದೆಂದೂ ಗೊತ್ತಿತ್ತು. ಆದರೂ ತೂಬಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಹಿಂದೆಯೇ ಓಡಿಬಂದ ಗ್ರಾಮಲೆಕ್ಕಿಗರಿಗೆ, ಹಕ್ಕಿಲ್ಲದವಳು ನೀರು ಕದ್ದಳೆಂದು ಕೇಸು ಹಾಕಿರಿ, ಕೋರ್ಟಿನಲ್ಲಿ ನಿಮ್ಮ ಕಾನೂನನ್ನು ನಿಮ್ಮ ಬಾಯಲ್ಲೇ ಓದಿಸುತ್ತೇನೆ ಎಂದೆ.

ಸ್ವಲ್ಪ ಹೊತ್ತಿಗೆ ಕೊನೆಗದ್ದೆಯವರೆಲ್ಲ ಬಂದರು, ತಂಗಿಯೂ ನನ್ನ ಗಂಡನೂ ಬಂದರು. ವಿಷಯ ಕೇಳಿದ ಮೇಲೆ ಯಾರೂ ನನ್ನನ್ನು ಬೈಯಲಿಲ್ಲ. ಅವರು ಸುತ್ತುಗಟ್ಟಿದ್ದು ಗ್ರಾಮಲೆಕ್ಕಿಗರನ್ನು. ಕೊನೆಗೆ ಗ್ರಾಮಲೆಕ್ಕಿಗರು ಏರಿಯ ಮೇಲೆ ಕೂತೇ ಆ ಸಾಲು ಹೊಡೆದುಹಾಕಿ, 'ಸ್ವಇಚ್ಛೆಯಿಂದ ನೀರು ಉಳಿಸಿರುತ್ತಾರೆ, ಹಕ್ಕು ಮುಂದುವರಿದಿರುತ್ತದೆ' ಎಂದು ಬರೆದು ರುಜು ಹಾಕಿದರು. ಇನ್ನಾದರೂ ತೂಬು ಮುಚ್ಚಿ ಎಂದು ನನ್ನ ಗಂಡನಿಗೆ ಹೇಳಿದರು. ಗಂಡ ತೂಬಿನ ಹತ್ತಿರ ಬಂದರು. ನಾನು ಕೈ ಅಡ್ಡ ಹಿಡಿದೆ.

"ನಾನೇ ಮುಚ್ತೀನಿ. ನೀವು ಏಳುದ್ರಿ ಅಂತಲ್ಲ ಸಾ, ನನ್ನಿಷ್ಟ ಅಂತ."