ನಾಲ್ವರು ದಲ್ಲಾಳಿ, ಒಂದೇ ಲೇತ್

ಈಗಷ್ಟೇ ನನ್ನ ಶೆಡ್ಡಿಗೆ ಬಂದಿಳಿದ ಕಬ್ಬಿಣ ಕಡೆಯುವ ಹಳೆಯ ಲೇತ್ ಯಂತ್ರದಿಂದ ಹಸಿ ಬಣ್ಣದ ವಾಸನೆ ಬರುತ್ತಿದೆ. ಬಣ್ಣದಡಿ ತುಕ್ಕು ಅಡಗಿಸಿದ್ದಾರೆಂದು ನನಗೆ ಅನುಮಾನ. ಪೀಣ್ಯದಲ್ಲಿ ಸೆಕೆಂಡ್‌ಹ್ಯಾಂಡ್ ಯಂತ್ರ ಕೊಂಡು ಮಾರಿಯೇ ಮನೆ ಕಟ್ಟಿದವನು ನಾನು. ನೀವೂ ಕೊಳ್ಳುವುದಿದ್ದರೆ ಬೀಗದ ಕೈಯಿಂದ ಮೂಲೆಯಲ್ಲಿ ಒಂಚೂರು ಗೀರಿ ನೋಡಿ.

ಈ ವಾಸನೆಗೆ ಅಕ್ಕನ ಮಗಳು ಸುಜಾತ ನೆನಪಾಗುತ್ತಾಳೆ. ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲದಲ್ಲಿ ದಾಸರಹಳ್ಳಿಯ ನಮ್ಮ ಮನೆಯಲ್ಲಿದ್ದುಕೊಂಡೇ ಎಂ.ಎ. ಪ್ರಬಂಧ ಬರೆಯುತ್ತಿದ್ದಳು. ಇಲ್ಲಿನ ಕೆರೆ ಕಾರ್ಖಾನೆಗಳು ಬರುವ ಮೊದಲೇ ಬತ್ತಿತ್ತು ಎಂಬ ಮಾತಿನ ಮೇಲೆ ಇಡೀ ಅಧ್ಯಾಯ ನಿಲ್ಲಿಸಿದ್ದಳು. ಒಪ್ಪಿಸಲು ಉಳಿದಿದ್ದುದು ಕೆಲವೇ ದಿನ.

"ಯಾರಮ್ಮ ಹೇಳಿದ್ದು?"

"ನಾಲ್ಕು ವೆಬ್‌ಸೈಟಲ್ಲಿದೆ ಮಾವ. ನಾಲ್ಕೂ ಸುಳ್ಳು ಹೇಳ್ತಾವಾ?"

ನಮ್ಮ ವ್ಯಾಪಾರದಲ್ಲಿ ನಾಲ್ವರು ದಲ್ಲಾಳಿಗಳು ಬಂದು ನಾಲ್ಕು ಲೇತ್ ವರ್ಣಿಸುತ್ತಾರೆ. ಹೋಗಿ ನೋಡಿದರೆ ಒಂದೇ ಶೆಡ್ಡಿನಲ್ಲಿ ನಿಂತ ಒಂದೇ ಲೇತ್. ಹೊಸಬನಾಗಿದ್ದಾಗ ಸರಕು ಬೇಕಾದಷ್ಟಿದೆ ಎಂದು ಬೀಗುತ್ತ ಕುಳಿತು, ಇದ್ದೊಂದನ್ನೂ ಕಳೆದುಕೊಂಡ ಜಾಣ ನಾನು.

"ಸುಳ್ಳು ಅಂದ್ನಾ? ನಾಲ್ಕಕ್ಕೂ ಸರಕು ಎಲ್ಲಿಂದ ಬಂತು, ಅದನ್ನ ಹುಡುಕು."

ಗೊಣಗುತ್ತಲೇ ಹುಡುಕಿದಳು. ಮೂರು ವೆಬ್‌ಸೈಟುಗಳು ನಾಲ್ಕನೆಯದರಿಂದ ಎತ್ತಿದ್ದವು; ನಾಲ್ಕನೆಯದು ಒಂದು ಹಳೆಯ ಪುಸ್ತಕದ ಹೆಸರು ಹೇಳಿತ್ತು. ಅದನ್ನು ಹುಡುಕಿಕೊಂಡು ಇಬ್ಬರೂ ಗ್ರಂಥಾಲಯಕ್ಕೆ ಹೋದೆವು.

"ಚೀಲ ಬಾಗಿಲಲ್ಲೇ ಇಡಿ ಸಾರ್," ಎಂದ ಕಾವಲಿನವನು.

"ಪುಸ್ತಕ ಕದಿಯೋ ಮುಖಾನಾ ನಂದು?"

"ಮುಖ ನೋಡಿದ್ರೆ ಗೊತ್ತಾಗಲ್ಲ ಸಾರ್."

ಮನುಷ್ಯ ಹಿಡಿಸಿದ.

ಪುಸ್ತಕದಲ್ಲಿ ಕೆರೆಯ ಮಾತು ಇತ್ತು. ಅದರ ಬೆನ್ನಿಗೇ, ಕೆಲವರು ಹೀಗೆನ್ನುತ್ತಾರೆ, ಆದರೆ ನನಗೆ ಆಧಾರ ಸಿಗಲಿಲ್ಲ ಎಂದೂ ಇತ್ತು. ವೆಬ್‌ಸೈಟಿನವರು ಆ ಅರ್ಧಕ್ಕೆ ಬಣ್ಣ ಬಳಿದಿದ್ದರು.

"ಅಧ್ಯಾಯಾನೇ ಹೋಯ್ತಲ್ಲ ಮಾವ," ಸುಜಾತ ಕಣ್ಣೊರೆಸಿಕೊಂಡಳು.

"ಅಳಬೇಡ. ನಾನು ಫ್ಯಾಕ್ಟರಿ ಕೆಲಸಕ್ಕೆ ಸೇರಿದಾಗ ಆ ಕೆರೇಲಿ ಎಮ್ಮೆ ತೊಳೀತಿದ್ರು. ಬರ್ಕೋ."

ಅವಳು ಪೆನ್ನು ತೆಗೆಯಲಿಲ್ಲ. "ನೀವೇ ನೋಡಿದ್ದಾ, ಯಾರಾದ್ರೂ ಹೇಳಿದ್ದಾ?"

"ನಾನೇ ಕಣೇ! ಕೈಗೆ ಹತ್ತಿದ ಆಯಿಲ್ ಅಲ್ಲೇ ತೊಳ್ಕೊಂಡಿದೀನಿ!"

"ಸರಿ. ಇನ್ನೊಬ್ರೂ ಹೇಳ್ಲಿ. ನಿಮ್ಮಿಂದ ಕೇಳಿದೋರಲ್ಲ."

ನನ್ನ ಮೈಯನ್ನೇ ಬೀಗದ ಕೈಯಿಂದ ಗೀರಿದ್ದಳು! ಉರಿಯಿತು, ನಿಜ. ಆದರೂ ನಮ್ಮ ಹಳೆಯ ಮನೆ ಮಾಲೀಕರ ತಾಯಿ ನಂಜಮ್ಮನ ಬಳಿ ಕರೆದೊಯ್ದೆ. ನಾನು ಬಾಯಿ ಬಿಡಕೂಡದೆಂದು ಸುಜಾತ ನನ್ನನ್ನು ಹೊರಗೇ ಕೂರಿಸಿದಳು. "ಕಾರ್ಖಾನೆ ಸೈರನ್ ಆದ್ಮೇಲೇ ಎಮ್ಮೆ ಇಳಿಸ್ತಿದ್ದಿದ್ದು ಕಣವ್ವ," ಎಂಬ ಅಜ್ಜಿಯ ಮಾತು ಕಿಟಕಿಯಿಂದ ಕೇಳಿಸಿತು. ಕಾರ್ಖಾನೆ ಬಂದ ಮೇಲೂ ಕೆರೆಯಲ್ಲಿ ನೀರಿತ್ತು ಎಂದು ಅಧ್ಯಾಯ ತಿರುಗಿ ನಿಂತಿತು, ಗೈಡ್ ಒಪ್ಪಿದರು.

ಅಂದಿನಿಂದ ನಾನೂ ಬದಲಾದೆ. ಈ ಲೇತ್ ನೋಡಲು ಗಿರಾಕಿ ಬಂದರೆ ಹೊಗಳುತ್ತ ಕೂರುವುದಿಲ್ಲ, ಬೀಗದ ಕೈಯನ್ನು ಅವರಿಗೇ ಕೊಡುತ್ತೇನೆ.

ಚೀಲ ಮಾತ್ರ ಬಾಗಿಲಲ್ಲೇ ಇಡಿಸುತ್ತೇನೆ.