ಮೇಲಿನ ಗದ್ದೆಯ ಬಸಿನೀರು

ಶಾಂತಕ್ಕಾ, ನಿನ್ನ ಹೊಲ ಕೆಟ್ಟದ್ದು ನನ್ನ ಭತ್ತದಿಂದ. ಇದು ನನಗೆ ಆಗಲೇ ಗೊತ್ತಿತ್ತು — ಅನುಮಾನವಲ್ಲ, ಚೆನ್ನಾಗಿಯೇ ಗೊತ್ತಿತ್ತು.

ಗಾದಿಗನೂರಿನ ನಮ್ಮ ಹೊಲಗಳಿಗೆ ಮೊದಲ ಸಲ ಕಾಲುವೆ ನೀರು ಬಂದಾಗ, ಹತ್ತಿ, ಜೋಳ, ಶೇಂಗಾ ಬಿಟ್ಟು ನೀರು ನಿಲ್ಲಿಸಿ ಬೆಳೆಯುವ ಭತ್ತ ಹಾಕಬಾರದೆಂದು ಎಲ್ಲರೂ ಕೂತು ಒಪ್ಪಿದ್ದೆವು. ನಾನೂ ತಲೆಯಾಡಿಸಿದ್ದೆ. ಆದರೆ ಹತ್ತಿ ಬಿಡಿಸುವವರೆಲ್ಲಿ? ಆಳುಗಳೆಲ್ಲ ಅದಿರು ತುಂಬಲು ಸಂಡೂರಿನ ಗಣಿಗಳ ಕಡೆ ಹೋಗುತ್ತಿದ್ದರು. ಅಲ್ಲಿಯಷ್ಟು ಕೂಲಿ ಕೊಟ್ಟರೆ ನನಗೆ ಉಳಿಯುವುದು ಹತ್ತಿಕಟ್ಟಿಗೆ ಮಾತ್ರ. ಭತ್ತವಾದರೆ ನಾಟಿಗಷ್ಟೇ ಆಳು. ಕೊಯ್ಲಿಗೆ ಮಷೀನು, ಕೊಳ್ಳಲು ಕಂಪ್ಲಿಯ ಮಿಲ್ಲಿನವರು. ಭತ್ತವನ್ನೇ ಹಾಕಿದೆ. ಒಂದಿಬ್ಬರು ಗೊಣಗಿದರು, ಮರುವರ್ಷ ಅವರೂ ಗದ್ದೆ ಮಾಡಿದರು. ನನ್ನ ಲೆಕ್ಕ ಸರಿಯಾಗಿಯೇ ಇತ್ತು. ನಿನ್ನ ಹೊಲ ನನ್ನದರ ಕೆಳಗಿದೆ ಎಂಬುದನ್ನು ಮಾತ್ರ — ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಎರೆ ಭೂಮಿ. ನಾನು ನಿಲ್ಲಿಸಿದ ನೀರು ಒಳಗೊಳಗೇ ಬಸಿದು ನಿನ್ನ ಹತ್ತಿಯ ಬೇರಿಗೆ ಇಳಿಯಿತು. ಗಿಡ ಹಳದಿಯಾದವು, ಆಮೇಲೆ ಮಣ್ಣಿನ ಮೇಲೆ ಉಪ್ಪಿನಂತೆ ಬಿಳಿ ಸವಳು ಎದ್ದಿತು. ನಮ್ಮೂರಿಗೆ ನೀರಾವರಿಯೇ ಹೊಸದು, ಇಂಥದ್ದನ್ನು ಯಾರೂ ಕಂಡಿರಲಿಲ್ಲ. ನಾನು ಕಂಡಿದ್ದೆ, ಕಂಪ್ಲಿಯಲ್ಲಿ ಮಾವನ ಮನೆಯವರ ಹೊಲದಲ್ಲಿ. ನಡುವೆ ಒಂದು ಬಸಿಗಾಲುವೆ ತೋಡಿದ್ದರೆ ನಿನ್ನ ಹೊಲ ಉಳಿಯುತ್ತಿತ್ತು. ನನ್ನ ಗದ್ದೆಯಲ್ಲಿ ಒಂದು ಪಟ್ಟಿ ಹೋಗುತ್ತಿತ್ತು, ಅಷ್ಟೇ.

ನಿನ್ನ ಕೈಹಿಡಿದ ಅಣ್ಣ ತೀರಿಕೊಂಡ ಮೇಲೆ ನಿನ್ನದು ಅಂತ ಇದ್ದದ್ದು ಅದೊಂದೇ ಹೊಲ. ಬದುವಿನ ಮೇಲೆ ನಿಂತು ನೀನು ಕೇಳಿದೆ:

“ತಮ್ಮಾ, ಎಲ್ಲಿ ತಪ್ಪಾತೋ? ಈ ಸಲ ಮೆಣಸಿನಕಾಯಿ ಹಾಕ್ಲೇನು?”

“ಏನೂ ಬ್ಯಾಡಕ್ಕ. ನಿನ್ನ ಹೊಲದ ಗುಣಾನ ಹಂಗೈತಿ. ಗಣಿಯವ್ರು ಅದಿರು ಹಾಕಾಕ ಜಾಗ ಕೇಳಾಕತ್ಯಾರ, ಜಲ್ದಿ ಕೊಟ್ಟುಬಿಡು.”

ನೀನು ಕೊಟ್ಟುಬಿಟ್ಟೆ. ನಿನ್ನ ಹತ್ತಿ ಸಾಲಿನ ಮೇಲೆ ಲಾರಿಗಳು ಅದಿರು ಸುರಿದವು. ಗಣಿ ನಿಂತ ಮೇಲೆ ಅದಿರು ಹೋಯಿತು. ನೆಲ ಮಾತ್ರ ಹುಲ್ಲಿಗೂ ಬಾರದಂತಾಯಿತು.

ಆಮೇಲೆ ನೀನು ನನ್ನ ಗದ್ದೆಗೇ ಕೂಲಿಗೆ ಬಂದೆ — ಅದೇ ನೀರಿನಲ್ಲಿ ಬಗ್ಗಿ ನಿಂತು ಸಸಿ ನೆಟ್ಟೆ. ಬುತ್ತಿ ಬಿಚ್ಚುವಾಗ ನೀನೇ ಅಂದೆ, “ನೀ ಹೇಳಿದ್ದು ಭಾಳ ಚಲೋ ಆತು ತಮ್ಮಾ. ಇಲ್ಲಂದ್ರ ಆ ಕೆಟ್ಟ ಹೊಲ ನಂಬ್ಕೊಂಡು ಕುಂದರ್ತಿದ್ದೆ.” ನಾನು ಹೂಂ ಎಂದೆ.

ಹೊಲ ಕೆಡಿಸಿದ್ದು ಆಸೆ. ಆ ಹೂಂ ಎನ್ನಿಸಿದ್ದು ಏನು — ನನಗೂ ತಿಳಿಯದು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಇಷ್ಟು ವರ್ಷ ನೀನು ಬೈಯುತ್ತ ಬಂದ ಆ ಹೊಲ ಒಳ್ಳೆಯ ಹೊಲವಾಗಿತ್ತು ಅಕ್ಕಾ.