ನಿಂಬೆಹಣ್ಣಿನ ಮುಂದೆ ನಿಂತ ಕಾರು

ಮನೆ ಬದಲಿಸುವಾಗ ಪುಸ್ತಕದ ಪೆಟ್ಟಿಗೆಯ ತಳದಲ್ಲಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಲೋಹದ ಗಟ್ಟಿಯೊಂದು ಸಿಕ್ಕಿತು. ನೋಡಿದರೆ ಭಾರ ಅನ್ನಿಸುತ್ತದೆ, ಎತ್ತಿದರೆ ಹಗುರ. ಬಟ್ಟೆಯನ್ನು ಮೂಗಿಗೆ ಹಿಡಿದೆ. ಸಣ್ಣಗೆ ಸೀಮೆಎಣ್ಣೆ ವಾಸನೆ... ಅಥವಾ ನನಗೇ ಹಾಗನ್ನಿಸಿತೋ. ಮಗಳು ಇದೇನು ಎಂದು ಕೇಳಿದಳು. ಕಾರಿನ ಬ್ರೇಕಿನದು ಅಂದೆ. ನಮಗೆ ಕಾರೇ ಇರಲಿಲ್ಲವಲ್ಲ ಅಂದಳು. ನಿಜ, ಇರಲಿಲ್ಲ. ಅದನ್ನು ಕೊಟ್ಟವರು ಪಕ್ಕದ ಮನೆಯ ಅಕ್ಕ.

ಆಗ ನಾನು ಚಳ್ಳಕೆರೆಯಲ್ಲಿ ಕೋಣೆ ಮಾಡಿಕೊಂಡು ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳುತ್ತಿದ್ದೆ. ನಮ್ಮೂರು ನನ್ನಿವಾಳದಲ್ಲಿ ಕೂಲಿ ಮಾಡಿ ಓದಿಸಿದ ಅವ್ವನಿಗೆ ಬಿ.ಎಸ್ಸಿ. ಅಂದರೇನೆಂದು ತಿಳಿಸಿ ಹೇಳಲು ನನಗೆ ಆಗಿರಲಿಲ್ಲ. ನಮ್ಮ ಮನೆತನದಲ್ಲಿ ಅದೇ ಮೊದಲ ಡಿಗ್ರಿ. ಪಕ್ಕದ ಮನೆಯಲ್ಲಿ ಅಕ್ಕ ಮತ್ತು ಅವರ ಗಂಡ. ಅವರನ್ನು ಭಾವ ಅನ್ನುತ್ತಿದ್ದೆ. ಭಾವ ಸ್ವಂತದ ಹಳೆ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು.

ಅಕ್ಕನ ತವರು ಮೊಳಕಾಲ್ಮುರು ಕಡೆಯ ದೇವಸಮುದ್ರ. ಒಮ್ಮೆ ಅಲ್ಲಿಗೆ ಹೋಗುವಾಗ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ, ಕಾರು ರಸ್ತೆ ಬಿಟ್ಟು ಜಾಲಿ ಪೊದೆಗೆ ನುಗ್ಗಿ ನಿಂತಿತ್ತು. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅಕ್ಕ ಆ ಕಾರು ಹತ್ತಲಿಲ್ಲ. ತವರಿಗೆ ಅವರು ಬಸ್ಸಿನಲ್ಲಿ ಹೋದರೆ, ಭಾವ ಖಾಲಿ ಕಾರಿನಲ್ಲಿ ಅದೇ ಬಸ್ಸಿನ ಹಿಂದೆ ಹೋಗುತ್ತಿದ್ದರು. ಕಾರ್ ಸ್ಟ್ಯಾಂಡಿನವರು ನಕ್ಕರು. ನಗು ಇರಲಿ, ಬಾಡಿಗೆಯೂ ಕಡಿಮೆಯಾಯಿತು. ಹೆಂಡತಿಯೇ ಕೂರದ ಕಾರಿನಲ್ಲಿ ಬೇರೆಯವರು ಯಾಕೆ ಕೂರುತ್ತಾರೆ?

ಕೊನೆಗೆ ಭಾವ ಮುಂದಿನ ಚಕ್ರಗಳ ಡ್ರಮ್ ಬ್ರೇಕು ತೆಗೆಸಿ ಡಿಸ್ಕ್ ಬ್ರೇಕು ಹಾಕಿಸಲು ಗಟ್ಟಿ ಮನಸ್ಸು ಮಾಡಿದರು. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಚಿತ್ರದುರ್ಗದ ಗುಜರಿಯಿಂದ ಗೋಣಿಚೀಲದಲ್ಲಿ ಸಾಮಾನು ಬಂತು. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಕ್ಯಾಲಿಪರುಗಳೂ ಅದರಲ್ಲಿದ್ದವು. ಆದರೆ ಅವು ಏನೆಂದೇ ಗೊತ್ತಾಗದಷ್ಟು ಗ್ರೀಸು, ಮಣ್ಣು, ಕರಿ ಪುಡಿ ಮೆತ್ತಿಕೊಂಡಿತ್ತು.

ಕಬ್ಬಿಣದ ಸಾಮಾನು ತೊಳೆದು ರೂಢಿಯಿದ್ದ ಭಾವ ಬಕೆಟ್ಟಿನಲ್ಲಿ ಕಾಸ್ಟಿಕ್ ಸೋಡಾ ಕಲಸಿದರು. ನಾನು ತಡೆದೆ. ಇದು ಅಲ್ಯೂಮಿನಿಯಂ ಬೆರಕೆ, ಸೋಡಾ ತಿಂದುಬಿಡುತ್ತದೆ ಅಂದೆ.

"ಏನ್ ಮೇಷ್ಟ್ರೇ, ನಂಗೇ ಪಾಠ ಮಾಡ್ತೀಯಾ?" ಅಂದರು ಭಾವ.

ಅಕ್ಕ ಒಳಗಿನಿಂದ ನಗ್ಗಿದ ಅಲ್ಯೂಮಿನಿಯಂ ಲೋಟ ತಂದು ಬಕೆಟ್ಟಿಗೆ ಹಾಕಿದರು. ನೊರೆ ಎದ್ದಿತು. ಉಂಡು ಬರುವಷ್ಟರಲ್ಲಿ ಲೋಟ ಕಪ್ಪಾಗಿ, ಅಂಚು ಕಾಗದದಷ್ಟು ತೆಳುವಾಗಿತ್ತು. ಓದಿದ್ದು ಒಂದು ಮನೆಯ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಹೇಳಿಕೊಳ್ಳಲು ಈಗಲೂ ಹೆಮ್ಮೆಯೇ.

"ಇಲ್ಲಿ ಕೊಡ್ರಿ. ಕೂರಬೇಕಾದೋಳು ನಾನು, ನಾನೇ ತೊಳೀತೀನಿ," ಅಂದರು ಅಕ್ಕ.

ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಎಣ್ಣೆ ಮಿಲ್ಲಿನ ಶೇಂಗಾ ಸಿಪ್ಪೆಯನ್ನು ಪುಡಿ ಮಾಡಿ, ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಉಜ್ಜಿದರು. ಶಾಲೆಯಿಂದ ಬಂದವನು ನಾನೂ ಅಲ್ಲೇ ಕೂರುತ್ತಿದ್ದೆ. ಕೊಳೆಯ ಕೆಳಗಿನಿಂದ ಮೊದಲು ಒಂದು ಅಂಕಿ ಎದ್ದಿತು, ಆಮೇಲೆ ಬೂದು ಬೆಳ್ಳಿಯ ಬಣ್ಣ. ಒಳಗೆ ಇನ್ನೇನಿದೆಯೋ ಎಂಬ ಕುತೂಹಲ ಇಬ್ಬರಿಗೂ. ಒಂದು ಸಂಜೆ ಅಕ್ಕನ ಹೆಬ್ಬೆರಳಿನ ಉಗುರು ಒಂದು ಕಡೆ ತಡೆದು ನಿಂತಿತು.

"ಇದಿ ಚೂಡು," ಅಂದರು, ಇದನ್ನು ನೋಡು ಎಂದು. ಗಾಬರಿಯಾದರೆ ಅವರ ಬಾಯಿಗೆ ಬರುತ್ತಿದ್ದದ್ದು ತವರಿನ ತೆಲುಗೇ.

ಕೂದಲೆಳೆಯಷ್ಟು ಗೀಟು. ಅದು ಎರಕದಲ್ಲೇ ಬಂದದ್ದು ಅಂತ ಭಾವ ಸಾಧಿಸಿದರು. ಮೆಕ್ಯಾನಿಕ್ಕಿಗೆ ತೋರಿಸಲು ಗುರುತು ಮಾಡೋಣವೆಂದು ಅಕ್ಕ ಅದನ್ನು ಚೆನ್ನಾಗಿ ಒರೆಸಿ, ನನ್ನ ಜೇಬಿನ ಸೀಮೆಸುಣ್ಣ ತೆಗೆದುಕೊಂಡು ಆ ಜಾಗಕ್ಕೆಲ್ಲ ಬಳಿದರು. ನೋಡುತ್ತಿದ್ದಂತೆ ಬಿಳಿಯ ನಡುವೆ ಒದ್ದೆಯ ಗೆರೆಯೊಂದು ತಾನಾಗಿ ಮೂಡಿ ಉದ್ದವಾಯಿತು. ಒಳಗೆ ಇಳಿದಿದ್ದ ಸೀಮೆಎಣ್ಣೆ ಹೊರಗೆ ಬರುತ್ತಿತ್ತು. ಬಿರುಕು ಒಳಗಿನವರೆಗೂ ಇತ್ತು. ಭಾವ ಆ ಕ್ಯಾಲಿಪರನ್ನು ಪಕ್ಕಕ್ಕೆ ಎತ್ತಿಟ್ಟರು. ಮಾರನೆಯ ದಿನ ಮತ್ತೆ ಚಿತ್ರದುರ್ಗಕ್ಕೆ ಹೋದರು. ಅಲ್ಲಿಂದ ತಂದದ್ದನ್ನೂ ಅಕ್ಕ ಉಜ್ಜಿ, ಸುಣ್ಣ ಬಳಿದು ಕಾದರು. ಗೆರೆ ಬರಲಿಲ್ಲ.

ಬ್ರೇಕು ಕೂತ ಮೇಲೆ ಊರ ಹೊರಗಿನ ಇಳಿಜಾರಿಗೆ ಹೋದೆವು. ಭಾವ ಕಾರಿನಲ್ಲಿ, ಅಕ್ಕ ಮತ್ತು ನಾನು ನಡೆದುಕೊಂಡು. ಹೊಸ ಗಾಡಿಯ ಚಕ್ರದಡಿ ಇಡುವಂತೆ ಅಕ್ಕ ನಿಂಬೆಹಣ್ಣು ತಂದಿದ್ದರು. ಆದರೆ ಅದನ್ನು ಇಟ್ಟದ್ದು ಇಳಿಜಾರಿನ ಕೆಳಗೆ, ರಸ್ತೆಯ ಮಧ್ಯೆ.

"ಮೇಲಿಂದ ಜೋರಾಗಿ ಬರ್ರಿ. ಹಣ್ಣು ಹಂಗೇ ಇರ್ಬೇಕು."

"ನಿಂಬೆಹಣ್ಣು ಹತ್ಸೋಕೆ ಇಡೋದು ಕಣೇ, ನಿಲ್ಸೋಕಲ್ಲ."

"ಹತ್ಸೋದು ನಿಮಗೆ ಮೊದ್ಲೇ ಬರ್ತೈತೆ. ನಿಲ್ಸಿ ತೋರ್ಸ್ರಿ."

ಕಾರು ಇಳಿಯಿತು. ಅಕ್ಕ ನನ್ನ ತೋಳು ಹಿಡಿದುಕೊಂಡಿದ್ದರು. ಟೈರು ಕಿರುಗುಟ್ಟಿ, ಧೂಳು ಎದ್ದು, ಹಣ್ಣಿಗೆ ಒಂದು ಗೇಣು ಇದೆ ಅನ್ನುವಾಗ ಕಾರು ನಿಂತಿತು. ಅಕ್ಕ ಹೋಗಿ ನಿಂಬೆಹಣ್ಣು ಎತ್ತಿಕೊಂಡರು. ಸೆರಗಿನಿಂದ ಒರೆಸಿ, ಮುಂದಿನ ಬಾಗಿಲು ತೆಗೆದು ಕೂತರು. "ಬಾ ತಮ್ಮಾ, ನೀನೂ ಹತ್ತು," ಅಂದರು. ಭಾವ ಸ್ಟೇರಿಂಗಿಗೆ ಹಣೆ ಊರಿಕೊಂಡಿದ್ದರು.

ಬಿರುಕು ಬಿಟ್ಟ ಕ್ಯಾಲಿಪರನ್ನು ಅಕ್ಕ ಆಮೇಲೆ ನನಗೇ ಕೊಟ್ಟರು, ಮೇಜಿನ ಮೇಲಿನ ಕಾಗದ ಹಾರದಂತೆ ಇಟ್ಟುಕೋ ಎಂದು. ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಬಹಳ ವರ್ಷಗಳ ಮೇಲೆ ಚಳ್ಳಕೆರೆಗೆ ಹೋದಾಗ ಆ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಅಕ್ಕ ತೀರಿಕೊಂಡರಂತೆ. ಭಾವ ದೇವಸಮುದ್ರದಲ್ಲೇ ಇದ್ದಾರೆ ಅಂದರು ಒಬ್ಬರು, ಇಲ್ಲ ಅಂದರು ಇನ್ನೊಬ್ಬರು...

ಮಗಳ ಕೈಗೆ ಅದನ್ನು ಕೊಟ್ಟು, ಉಗುರು ಎಳೆದು ನೋಡು ಅಂದೆ. ತಡೆದು ನಿಂತಿತು. ಆಮೇಲೆ ಅವಳು ಕೇಳಿದಳು, ಆ ನಿಂಬೆಹಣ್ಣನ್ನು ಅಕ್ಕ ಏನು ಮಾಡಿದರು ಎಂದು. ಅಂದು ಮನೆ ಮುಟ್ಟುವವರೆಗೂ ಅದು ಅವರ ಮುಷ್ಟಿಯಲ್ಲೇ ಇತ್ತು, ಅಷ್ಟು ಗೊತ್ತು. ಆಮೇಲಿನದು ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಅಕ್ಕ ಇಲ್ಲ.